ಹೆಟ್ಟಿಯ ಹೆಸರಿನ ಹಲಗೆ

೧೪, ಟೆಂಟರ್ ಬೀದಿ, ಆಲ್ಡರ್‌ಷಾ, ಯಾರ್ಕ್‌ಷೈರ್
ಮಾರ್ಚ್ ೩, ೧೯೮೨

ರೋಲಂಡ್,

ಕುಶಲ ವಿಚಾರಿಸುವ ಮನಸ್ಸಿಲ್ಲ, ಆದ್ದರಿಂದ ವಿಚಾರಿಸುತ್ತಿಲ್ಲ. ನಿನ್ನೆ ಸಂಜೆ ಪತ್ರಿಕೆ ಬಿಡಿಸಿದರೆ ಆರನೆಯ ಪುಟದಲ್ಲಿ, ಹುಲ್ಲಿನ ಬೀಜದ ಜಾಹೀರಾತಿನ ಕೆಳಗೆ, ನಮ್ಮ ಕಾರ್ಖಾನೆ ಮಾರಾಟವಾದ ಸುದ್ದಿ ಇತ್ತು. ನಿನ್ನ ಮುತ್ತಜ್ಜ ಕಟ್ಟಿದ ಎರಕದ ಮನೆಗೆ ಐದು ಸಾಲು. ಹುಲ್ಲಿನ ಬೀಜಕ್ಕೆ ಒಂಬತ್ತು.

ನಲವತ್ತಾರು ವರ್ಷ ನಾನು ಆ ಮನೆಗೆ ಮರದಚ್ಚು ಮಾಡಿದವನು. ಹಲ್ಲಿನ ಚಕ್ರವಿರಲಿ, ಚರಂಡಿಯ ಮುಚ್ಚಳವಿರಲಿ, ಕಬ್ಬಿಣದಲ್ಲಿ ಬರುವುದಕ್ಕೆ ಮೊದಲು ನನ್ನ ಬೆಂಚಿನ ಮೇಲೆ ಮರದಲ್ಲಿ ಬರಬೇಕಿತ್ತು. ಹದಿನೇಳನೆಯ ವಯಸ್ಸಿನಲ್ಲಿ ನಿನ್ನನ್ನು ನಿಮ್ಮಪ್ಪ ಅದೇ ಬೆಂಚಿಗೆ ತಂದು ಬಿಟ್ಟು, “ಇವನಿಗೆ ಉಳಿ ಹಿಡಿಯೋದು ಕಲ್ಸು ಕ್ಲೆಮ್. ಬೆರಳು ಹತ್ತೂ ವಾಪಸ್ ಕೊಟ್ರೆ ಸಾಕು” ಅಂದಿದ್ದರು. ಹತ್ತೂ ವಾಪಸ್ ಕೊಟ್ಟೆ. ಅದೇ ಬೆರಳಿನಿಂದ ಈಗ ಮಾರಾಟದ ಕಾಗದಕ್ಕೆ ಸಹಿ ಮಾಡಿದ್ದೀಯ. ಮೊದಲು ನನ್ನ ಬಾಗಿಲು ತಟ್ಟಿ ಒಂದು ಮಾತು ಹೇಳಬಾರದಿತ್ತೆ? ಬೈಯುತ್ತಿದ್ದೆ, ನಿಜ. ಬೈಸಿಕೊಂಡು ಹೋಗಬೇಕಿತ್ತು.

ಮಾರಬೇಡ ಎನ್ನಲು ನಾನು ಯಾರು? ಆರ್ಡರುಗಳು ಬತ್ತಿಹೋದದ್ದು ಎಲ್ಲರಿಗೂ ಗೊತ್ತು. ನಾನು ಕೇಳುವುದು ಒಂದೇ. ಅದನ್ನು ನಿನಗೆ ನೆನಪಿಸಬೇಕಾಗಿ ಬಂದದ್ದೇ ನಾಚಿಕೆಗೇಡು.

ನಮ್ಮಲ್ಲಿ ದುಡಿದವರು ಯಾರೇ ಸತ್ತರೂ ಅವರ ಸಮಾಧಿಗೆ ಕಾರ್ಖಾನೆಯಿಂದಲೇ ಕಬ್ಬಿಣದ ಫಲಕ. ಮಾಲೀಕನಿಗೂ ಅದೇ ಅಳತೆ, ಮರಳು ಹೊತ್ತವನಿಗೂ ಅದೇ ಅಳತೆ. ಈಸ್ಟರ್ ಹಿಂದಿನ ಗುರುವಾರ, ರಜೆಗೆಂದು ಕುಲುಮೆ ಆರಿಸುವ ಮುಂಚೆ, ಆ ವರ್ಷ ಹೋದವರ ಫಲಕಗಳಿಗೆ ಎರಕ. ಈ ವರ್ಷ ಒಂದೇ ಇದೆ. ನನ್ನ ಹೆಂಡತಿ ಹೆಟ್ಟಿಯದು. ಇಪ್ಪತ್ತೆರಡು ವರ್ಷ ಅವಳು ಕೋರ್ ಮನೆಯಲ್ಲಿ ಕೂತು, ಕಬ್ಬಿಣದೊಳಗೆ ಟೊಳ್ಳು ಬರಬೇಕಾದ ಕಡೆ ಇಡುವ ಮರಳಿನ ತಿರುಳುಗಳನ್ನು ಅಗಸೆ ಎಣ್ಣೆಯಲ್ಲಿ ಕಲಸಿ ತಟ್ಟಿದವಳು. ಆ ಮರಳು ಎದೆಯೊಳಗೆ ಇಳಿದೇ ನವೆಂಬರಿನಲ್ಲಿ ಹೋದಳು. ನೀನೂ ಬಂದು ಒಂದು ಹಿಡಿ ಮಣ್ಣು ಹಾಕಿದ್ದೆ.

ಅವಳ ಫಲಕದ ಮರದಚ್ಚು ನಾನೇ ಮಾಡಿದ್ದೇನೆ. ಹೆಸ್ಟರ್ ಸಗ್ಡನ್ ಎಂದು ಪೂರ್ತಿ ಹೆಸರಿನ ಅಕ್ಷರ ಕೂರಿಸಿ, ಕೆಳಗೆ ಎಂದಿನಂತೆ ಕಾರ್ಖಾನೆಯ ಹೆಸರು ಸ್ಕಾರ್‌ವುಡ್ ಎಂದು ಹಾಕಿ, ಅಟ್ಟದ ಮೂರನೆಯ ಹಲಗೆಯ ಮೇಲೆ ಇಟ್ಟಿದ್ದೇನೆ. ಇಸವಿಯ ಅಂಕಿಗಳನ್ನು ಎರಕದ ದಿನ ಬೆಳಿಗ್ಗೆ ಹೊಡೆಯುವುದು ವಾಡಿಕೆ, ಅದಷ್ಟೇ ಬಾಕಿ. ಇಪ್ಪತ್ತಾರಕ್ಕೆ ಬಾಗಿಲು ಮುಚ್ಚುತ್ತದೆ ಎಂದು ಪತ್ರಿಕೆ ಹೇಳುತ್ತದೆ. ಈಸ್ಟರ್ ಗುರುವಾರ ಬರುವುದು ಅದಾದ ಹದಿಮೂರು ದಿನಕ್ಕೆ. ಅಷ್ಟರೊಳಗೆ ಒಂದು ಸಲ ಕುಲುಮೆ ಹಚ್ಚಿಸು. ಕೆಲಸಕ್ಕೆ ನಾವೇ ಬರುತ್ತೇವೆ.

ಕ್ಲೆಮೆಂಟ್ ಸಗ್ಡನ್


ದಿ ಗ್ರೇಂಜ್, ಆಲ್ಡರ್‌ಷಾ
ಮಾರ್ಚ್ ೧೧, ೧೯೮೨

ಪ್ರಿಯ ಕ್ಲೆಮ್,

ನಿನ್ನ ಕಾಗದ ಓದಿ ತುಂಬ ಬೇಸರವಾಯಿತು. ನೀನು ಹೇಳಿದ್ದೆಲ್ಲ ಸರಿ. ನಾನೇ ಬಂದು ಹೇಳಬೇಕಿತ್ತು. ಬರಬೇಕು ಬರಬೇಕು ಎಂದುಕೊಳ್ಳುತ್ತಿರುವಾಗಲೇ ಪತ್ರಿಕೆಯವರಿಗೆ ಸುದ್ದಿ ಸಿಕ್ಕಿಬಿಟ್ಟಿತು.

ಕುಲುಮೆಯ ವಿಷಯದಲ್ಲಿ ಮಾತ್ರ ನನ್ನ ಕೈ ಕಟ್ಟಿದೆ. ಕೊಂಡವರಿಗೆ ಬೇಕಾಗಿರುವುದು ನೆಲ ಮಾತ್ರ. ಅಲ್ಲಿ ದೊಡ್ಡದೊಂದು ದಿನಸಿ ಮಳಿಗೆ ಬರುತ್ತದಂತೆ. ಸಹಿಯಾದ ದಿನದಿಂದ ಒಳಗೆ ಬೆಂಕಿ ಹಚ್ಚಕೂಡದು ಎಂದು ಅವರ ವಕೀಲರು ಷರತ್ತು ಹಾಕಿದ್ದಾರೆ, ವಿಮೆಯವರೂ ಒಪ್ಪುವುದಿಲ್ಲ. ಫಲಕದ ವಿಷಯ ಪ್ರಸ್ತಾಪಿಸಿದೆ. ಹಾಗೊಂದು ಕರಾರು ಯಾವ ಕಾಗದದಲ್ಲೂ ಇಲ್ಲವಲ್ಲ ಎಂದರು. ಅದೂ ಅಲ್ಲದೆ ಹೆಟ್ಟಿ ಸಾಯುವ ಹೊತ್ತಿಗೆ ಕೆಲಸ ಬಿಟ್ಟು ಹನ್ನೊಂದು ವರ್ಷವಾಗಿತ್ತಲ್ಲ ಎಂದೂ ಕೇಳಿದರು. ಇದು ಅವರ ಮಾತು, ನನ್ನದಲ್ಲ.

ಆದರೆ ಇಷ್ಟಂತೂ ನನ್ನ ಕೈಲಾಗುತ್ತದೆ. ಅಟ್ಟದಲ್ಲಿರುವ ಹೆಟ್ಟಿಯ ಅಚ್ಚನ್ನು ಹರಾಜಿನಿಂದ ಹೊರಗಿಡಿಸುತ್ತೇನೆ. ಅದನ್ನು ಯಾರೂ ಮುಟ್ಟುವುದಿಲ್ಲ. ಮುಂದೆ ಬೇರೆ ಎಲ್ಲಾದರೂ ಎರಕ ಹೊಯ್ಯಿಸೋಣ. ಇದು ನನ್ನ ಮಾತು.

ನಿನ್ನ
ರೋಲಂಡ್


ಟೆಂಟರ್ ಬೀದಿ
ಮಾರ್ಚ್ ೨೮, ೧೯೮೨

ರೋಲಂಡ್,

ಮೊನ್ನೆ ಶುಕ್ರವಾರ ಬಾಗಿಲು ಮುಚ್ಚಿತು. ನೀನು ಬರಲಿಲ್ಲ. ನೆಗಡಿ ಎಂದು ಆಫೀಸಿನವರು ಹೇಳಿದರು. ನಮಗೆಲ್ಲರಿಗೂ ನಿನ್ನ ನೆಗಡಿಯ ಬಗ್ಗೆ ಬಹಳ ಮರುಕವಾಯಿತು.

“ಕೆಲಸ ಬಿಟ್ಟು ಹನ್ನೊಂದು ವರ್ಷ” ಎಂದಿತಲ್ಲ ಆ ವಕೀಲನ ಬಾಯಿ, ಅವಳು ಯಾಕೆ ಬಿಟ್ಟಳೆಂದು ಅದಕ್ಕೆ ಹೇಳಿದೆಯಾ? ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು ಎಂದು ಹೇಳಿದೆಯಾ? ಕಾಗದದಲ್ಲಿ ಇಲ್ಲವಂತೆ. ನಿನ್ನ ಮುತ್ತಜ್ಜ ಕಾಗದದಲ್ಲಿ ಬರೆಯಲಿಲ್ಲ, ಕಬ್ಬಿಣದಲ್ಲಿ ಬರೆದ. ಆ ವಕೀಲನನ್ನು ಚಾಪೆಲಿನ ಹಿಂದಿನ ಸಮಾಧಿಯ ಅಂಗಳಕ್ಕೆ ಕರೆದುಕೊಂಡು ಹೋಗಿ ತೋರಿಸು, ನೂರಾ ಎಂಬತ್ತು ಫಲಕಗಳಿವೆ. ಅರವತ್ತನಾಲ್ಕರಲ್ಲಿ ನಿಮ್ಮಪ್ಪನ ಫಲಕಕ್ಕೆ ಎರಕ ಹೊಯ್ದಾಗ ಹೆಟ್ಟಿ ಕೆಮ್ಮುತ್ತಲೇ ಬಂದು ನಿಂತಿದ್ದಳು. ಮನೆಗೆ ಹೋಗು ಎಂದು ನಾನು ಅಂದರೆ, “ಅವ್ರಿಗೆ ನಾನು ಬರ್‍ದೆ ಇದ್ರೆ ನನಗ್ಯಾರು ಬರ್‍ತಾರೆ” ಅಂದಳು.

ಕೊನೆಯ ದಿನವೇ ಹರಾಜಿನವರು ಚೀಟಿ ಅಂಟಿಸಲು ಬಂದಿದ್ದರು. ಹಿಂದೆ ಹೊಯ್ದ ಎರಕಗಳನ್ನು ನಾವು ಇನ್ನೂ ಉಜ್ಜುತ್ತಿರುವಾಗಲೇ ಎಲ್ಲದಕ್ಕೂ ಚೀಟಿ. ನಮ್ಮ ಎಜ್ರಾ ಬೈನ್ಸ್ ಗೊತ್ತಲ್ಲ, ಮರಳಿನ ಪೆಟ್ಟಿಗೆಯ ಮೇಲೆ ಕೂತು ಟೀ ಕುಡಿಯುತ್ತಿದ್ದ. ಆ ಹುಡುಗ ಬಂದು, “ಸ್ವಲ್ಪ ಏಳ್ತೀರಾ, ವಿಕ್ಟೋರಿಯಾ ರಾಣಿ ಕಾಲದ ಪೆಟ್ಟಿಗೆ, ಚೀಟಿ ಅಂಟಿಸ್ಬೇಕು” ಅಂದ. ಎಜ್ರಾ ಏಳಲಿಲ್ಲ. “ನನ್ನ ಬೆನ್ನಿಗೇ ಅಂಟಿಸ್ಬಿಡಪ್ಪಾ. ನಾನೂ ವಿಕ್ಟೋರಿಯಾ ರಾಣಿ ಕಾಲದೋನೇ” ಅಂದ. ಎಲ್ಲರೂ ನಕ್ಕರು.

ನಾನು ಅಟ್ಟಕ್ಕೆ ಹೋಗಿ ಹೆಟ್ಟಿಯ ಅಚ್ಚು ನೋಡಿದೆ. ಅದರ ಮೇಲೆ ಚೀಟಿ ಇರಲಿಲ್ಲ. ಮನೆಗೆ ಒಯ್ಯಲೇ ಎಂದು ಎತ್ತಿಕೊಂಡವನು ಮತ್ತೆ ಅಲ್ಲೇ ಇಟ್ಟೆ. ಎರಕ ಕಾಣದ ಅಚ್ಚನ್ನು ಯಾರೂ ಮನೆಗೆ ಒಯ್ಯುವುದಿಲ್ಲ, ಒಲೆಯ ಶಾಖಕ್ಕೆ ಮರ ಸೊಟ್ಟಗಾಗುತ್ತದೆ. ಇದನ್ನು ಒಂದು ನೂರು ಹುಡುಗರಿಗೆ ಕಲಿಸಿದ್ದೇನೆ, ನಿನಗೂ ಕಲಿಸಿದ್ದೇನೆ. ಅಷ್ಟೇ ಅಲ್ಲ, ನೀನು ಮಾತು ಕೊಟ್ಟಿದ್ದೀಯ. ಮೂಗಿಗೆ ತುಪ್ಪ ಸವರುವ ಮಾತಾಗದಿರಲಿ.

ಕ್ಲೆಮ್


ಟೆಂಟರ್ ಬೀದಿ
ಏಪ್ರಿಲ್ ೨೩, ೧೯೮೨

ಶ್ರೀ ರೋಲಂಡ್ ಸ್ಕಾರ್‌ವುಡ್ ಅವರಿಗೆ,

ಹರಾಜು ಮುಗಿಯಿತು. ಎರಡು ದಿನವೂ ನೀವು ಕಾಣಲಿಲ್ಲ. ಈ ಸಲ ಏನು ಕಾಯಿಲೆಯೋ ನಾನು ಕೇಳಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಅಟ್ಟಕ್ಕೆ ಹೋದೆ. ಮೂರನೆಯ ಹಲಗೆ ಖಾಲಿಯಾಗಿತ್ತು. ಕೆಳಗೆ ಬಂದು, ಪಟ್ಟಿ ಹಿಡಿದು ಕೂತಿದ್ದ ಗುಮಾಸ್ತನನ್ನು ಕೇಳಿದೆ.

“ಅಲ್ಲೊಂದು ಹೆಸರಿನ ಅಚ್ಚಿತ್ತಲ್ಲ, ಹೆಸ್ಟರ್ ಸಗ್ಡನ್ ಅಂತ. ಎಲ್ಲಿಟ್ಟಿದ್ದೀರಿ?”

“ಓ, ಆ ಬೋರ್ಡಾ? ಬೆಳಿಗ್ಗೇನೇ ಹೋಯ್ತು ಸ್ವಾಮಿ. ಒಳ್ಳೆ ಪೈಪೋಟಿ ಇತ್ತು.”

“ಅದು ಬೋರ್ಡಲ್ಲ ಕಣಯ್ಯಾ. ನನ್ನ ಹೆಂಡ್ತಿ ಸಮಾಧೀದು.”

ಅವನು ನನ್ನ ಮುಖ ನೋಡಿದ, ಪಟ್ಟಿ ನೋಡಿದ. “ಇಲ್ಲಿ ಅಲಂಕಾರದ ಹಳೇ ಹಲಗೆ ಅಂತಿದೆ. ಮಾಲೀಕರು ಉಳಿಸ್ಕೊಂಡಿದ್ದರ ಪಟ್ಟೀಲಿ ಇಲ್ವಲ್ಲ” ಅಂದ. ಆ ಪಟ್ಟಿಯನ್ನೇ ನನ್ನ ಕಡೆ ತಿರುಗಿಸಿ ತೋರಿಸಿದ.

ನೀವು ಉಳಿಸಿಕೊಂಡದ್ದು ಮೂರು. ಮುತ್ತಜ್ಜನ ತೈಲಚಿತ್ರ. ಆಫೀಸಿನ ಗೋಡೆ ಗಡಿಯಾರ. ಚರ್ಮದ ಹೊದಿಕೆಯ ಮೇಜು. ಅಡಿಯಲ್ಲಿ ನಿಮ್ಮ ಸಹಿ. ಮೇಜಿಗೆ ಹೊದಿಸಿದ ಚರ್ಮದ ಬಣ್ಣ ಹಸಿರು ಎಂದೂ ಬರೆಸಿದ್ದೀರಿ, ಬೇರೆ ಮೇಜು ಬಂದುಬಿಟ್ಟೀತು ಎಂದು. ಅಷ್ಟು ಜ್ಞಾಪಕಶಕ್ತಿ ಇರುವವರಿಗೆ ಹೆಟ್ಟಿ ನೆನಪಾಗಲಿಲ್ಲ.

ಸ್ವಂತ ಮನೆಯ ಹೆಣವನ್ನು ಮಾರಿಕೊಂಡವರನ್ನು ನಾನು ಈವರೆಗೆ ಕಂಡಿರಲಿಲ್ಲ. ಅದು ಎಲ್ಲಿದೆ ಎಂದು ಪತ್ತೆ ಮಾಡಿ ತರಿಸಿಕೊಡಿ. ಇದು ಕೋರಿಕೆಯಲ್ಲ.

ಸಿ. ಸಗ್ಡನ್


ಫಿಚ್ ಅಂಡ್ ಮೆರಿಡ್ಯೂ, ಹರಾಜುದಾರರು
ಮೇ ೬, ೧೯೮೨

ಮಾನ್ಯ ಶ್ರೀ ಸಗ್ಡನ್ ಅವರಿಗೆ,

ತಮ್ಮ ಮೂರೂ ಪತ್ರಗಳು ತಲುಪಿವೆ. ಮೂರನೆಯ ಪತ್ರದಲ್ಲಿ ನಮ್ಮ ಸಂಸ್ಥೆಯ ಹಿರಿಯ ಪಾಲುದಾರರನ್ನು ಕುರಿತು ತಾವು ಬಳಸಿರುವ ಪದವನ್ನು ಹಿಂತೆಗೆದುಕೊಳ್ಳುವಿರೆಂದು ಆಶಿಸುತ್ತೇವೆ.

ಪ್ರಸ್ತಾಪಿತ ವಸ್ತುವು (ಮಹಿಳೆಯ ಹೆಸರುಳ್ಳ ಮಹಾಗನಿ ಹಲಗೆ, ಸುಸ್ಥಿತಿ) ಮಾಲೀಕರು ಒಪ್ಪಿದ ಪಟ್ಟಿಯ ಪ್ರಕಾರವೇ, ಸದ್ಭಾವನೆಯಿಂದ ಮಾರಾಟವಾಗಿದೆ. ಕೊಂಡವರ ಹೆಸರನ್ನು ತಿಳಿಸುವುದು ನಮ್ಮ ವೃತ್ತಿಧರ್ಮಕ್ಕೆ ವಿರುದ್ಧ. ಆ ಹಲಗೆಗೆ ತಕ್ಕ ಮರ್ಯಾದೆಯ ಸ್ಥಾನ ದೊರಕಿದೆಯೆಂದು ಮಾತ್ರ ತಿಳಿಸಬಲ್ಲೆವು.

ಮುಂದೆಯೂ ತಮ್ಮ ಸೇವೆಗೆ ಸಿದ್ಧರಿರುವ,
ಫಿಚ್ ಅಂಡ್ ಮೆರಿಡ್ಯೂ ಪರವಾಗಿ


ದಿ ಗ್ರೇಂಜ್
ಜೂನ್ ೨೦, ೧೯೮೨

ಪ್ರಿಯ ಕ್ಲೆಮ್,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಒಂದು ಸುಳ್ಳು ಹೊಳೆಯುತ್ತಿತ್ತು. ಹರಾಜಿನವರು ತಪ್ಪು ಮಾಡಿದರು, ಆಫೀಸಿನವರು ಮರೆತರು ಎಂದೆಲ್ಲ. ಯಾರೂ ಮರೆಯಲಿಲ್ಲ. ನಾನು ಮರೆತದ್ದೂ ಅಲ್ಲ.

ಬಾಗಿಲು ಮುಚ್ಚಿದ ಮರುವಾರ, ಪಟ್ಟಿ ಮಾಡುವ ದಿನ, ಆ ಮೆರಿಡ್ಯೂ ಆಫೀಸಿನಲ್ಲಿ ಕೂತು, “ಇನ್ನೇನಾದ್ರೂ ಉಳಿಸ್ಕೊಳ್ಳೋದಿದ್ಯಾ ಸರ್?” ಎಂದು ಕೇಳಿದ. ಹೆಟ್ಟಿಯ ಅಚ್ಚು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. “ಇದೆ, ಬನ್ನಿ ತೋರಿಸ್ತೀನಿ” ಎಂದು ಎದ್ದೂ ಎದ್ದೆ. ಅಂಗಳದವರೆಗೆ ಬಂದೆ. ಅಟ್ಟದ ಮೆಟ್ಟಿಲ ಬಳಿ, ತಮ್ಮ ಸಾಮಾನು ಒಯ್ಯಲು ಬಂದಿದ್ದ ಎಜ್ರಾ, ಇನ್ನೂ ಮೂರು ಜನ ನಿಂತಿದ್ದರು. ನಾಲ್ವರೂ ನನ್ನ ಕಡೆ ತಿರುಗಿ ನೋಡಿದರು. ಅವರನ್ನು ದಾಟಿ ಮೆಟ್ಟಿಲು ಹತ್ತಲು ನನಗೆ ಧೈರ್ಯ ಸಾಲಲಿಲ್ಲ. ಹಿಂದಿರುಗಿ ಬಂದು, “ಬೇರೇನೂ ಇಲ್ಲ” ಎಂದು ಸಹಿ ಮಾಡಿದೆ. ಫೋನಿನಲ್ಲಿ ಹೇಳಿದರಾಯಿತು ಎಂದುಕೊಂಡೆ. ಫೋನನ್ನೂ ಮಾಡಲಿಲ್ಲ. ಇದಕ್ಕೆ ಹೇಡಿತನ ಎನ್ನುತ್ತಾರೆ, ನನಗೆ ಗೊತ್ತು.

ಅಚ್ಚು ಎಲ್ಲಿದೆಯೆಂದು ಹುಡುಕಿಸಿದೆ. ಲೀಡ್ಸಿನಲ್ಲಿ, ಕಾಲುವೆಯ ಪಕ್ಕದ ಹಳೆಯ ಗೋದಾಮಿನಲ್ಲಿ ಹೊಸದೊಂದು ಊಟದ ಹೋಟೆಲ್ ತೆರೆದಿದ್ದಾರೆ. ಅಚ್ಚನ್ನು ಅಲ್ಲಿ ಮದ್ಯದ ಬಾಟಲಿಗಳ ಮೇಲ್ಗಡೆ ಗೋಡೆಗೆ ಹೊಡೆದಿದ್ದಾರೆ. ಹೇಳದೆ ಇರಲಾರೆ, ಹೋಟೆಲಿನ ಹೆಸರೂ “ಹೆಸ್ಟರ್ಸ್”. ಆ ಹಲಗೆ ನೋಡಿಯೇ ಇಟ್ಟರಂತೆ. ನಾನು ಹೋಗಿ ಅದರ ಕೆಳಗೇ ಕೂತು ಒಂದು ಸೂಪ್ ಕುಡಿದೆ. ಮಾಲೀಕನನ್ನು ಕರೆದು ಕೇಳಬೇಕು ಎಂದುಕೊಂಡೆ. ಜನ ತುಂಬಿದ್ದರು. ಕೇಳದೆಯೇ ಎದ್ದು ಬಂದೆ.

ನನ್ನನ್ನು “ನೀವು” ಎಂದು ಕರೆದು ನೀನು ಬರೆದ ಕಾಗದ ನನ್ನ ಮೇಜಿನ ಮೇಲೇ ಇದೆ. ಹೌದು, ಹಸಿರು ಚರ್ಮದ ಅದೇ ಮೇಜು.

ರೋಲಂಡ್


ಟೆಂಟರ್ ಬೀದಿ
ಜೂನ್ ೨೫, ೧೯೮೨

ರೋಲಂಡ್,

ಸೂಪ್ ಹೇಗಿತ್ತು?

ನಿನ್ನ ಕಾಗದ ಬಂದ ಮರುದಿನವೇ ಬಸ್ ಹತ್ತಿದೆ. ಹೆಟ್ಟಿಯನ್ನು ಮಣ್ಣು ಮಾಡಿದ ದಿನ ಹಾಕಿದ್ದ ಕಪ್ಪು ಸೂಟು ಹಾಕಿಕೊಂಡೆ. ಒಳಜೇಬಿನಲ್ಲಿ ಗಟ್ಟಿಯಾದ ಒಂದು ತಿರುಪುಳಿ ಇಟ್ಟುಕೊಂಡೆ. ತಲುಪಿದಾಗ ಊಟದ ಹೊತ್ತು, ಮೇಜುಗಳೆಲ್ಲ ಭರ್ತಿ. ಬಾಗಿಲಲ್ಲೇ ಮಾಲೀಕ ಸಿಕ್ಕಿದ. ಮೂವತ್ತರ ಪ್ರಾಯ, ಕೊರಳಿಗೆ ಒಂದು ಕೆಂಪು ಕರವಸ್ತ್ರ.

“ಒಬ್ರೇನಾ ಸರ್?” ಅಂದ.

“ಬರುವಾಗ ಒಬ್ನೇ. ಹೋಗುವಾಗ ಇಬ್ರು” ಅಂದೆ.

ಅವನಿಗೆ ಅರ್ಥವಾಗಲಿಲ್ಲ, ನಕ್ಕ. ಕೂರಿಸಿ, ತಿಂಡಿಗಳ ಪಟ್ಟಿ ಕೊಟ್ಟ. ಅದರ ಮೇಲೆ ಏನು ಅಚ್ಚು ಹಾಕಿಸಿದ್ದಾನೆ ಗೊತ್ತೆ? ಹೆಸ್ಟರ್ ಅಜ್ಜಿ ನೂರು ವರ್ಷದ ಹಿಂದೆ ಗಿರಣಿ ಕೆಲಸಗಾರರಿಗೆ ಊಟ ಹಾಕುತ್ತಿದ್ದ ಮಹಾತಾಯಿಯಂತೆ. ಹಿಟ್ಟಿನೊಳಗೆ ಮಾಂಸವಿಟ್ಟು ಸುಡುವ ಪೈ ಮಾಡುವುದರಲ್ಲಿ ಅವಳದು ಎತ್ತಿದ ಕೈಯಂತೆ. ಅವಳ ಗುಟ್ಟಿನ ಪಾಕವನ್ನು ಇವರು ಹುಡುಕಿ ತೆಗೆದರಂತೆ. ಹೆಸ್ಟರ್ ಎಂದು ಅವಳನ್ನು ನಾನೇ ಕರೆದದ್ದು ಒಂದೇ ಸಲ, ಮದುವೆಯಲ್ಲಿ ಪಾದ್ರಿ ಹೇಳಿಕೊಟ್ಟಾಗ. ಇಲ್ಲಿ ಗುರುತು ಪರಿಚಯವಿಲ್ಲದವರು ಬಾಯಿ ತುಂಬ ಹೆಸ್ಟರ್ ಹೆಸ್ಟರ್ ಎನ್ನುತ್ತ ವೈನ್ ಕುಡಿಯುತ್ತಿದ್ದಾರೆ.

“ಅಜ್ಜಿ ಪೈ ತರ್ಲಾ? ಎಲ್ರೂ ಅದನ್ನೇ ಕೇಳೋದು” ಅಂದ.

“ಆ ಅಜ್ಜಿ ಪೈನ ನಾನು ಮೂವತ್ತೈದು ವರ್ಷ ತಿಂದಿದ್ದೀನಿ ಕಣಪ್ಪಾ. ಅದನ್ನ ಕತ್ತರಿಸೋಕೆ ಉಳಿ ಸುತ್ತಿಗೆ ಬೇಕಾಗ್ತಿತ್ತು” ಅಂದೆ. “ಅವಳು ನನ್ನ ಹೆಂಡ್ತಿ. ಹೋದ ನವೆಂಬರಿನಲ್ಲಿ ಸತ್ತಳು. ಅದು ಅವಳ ಸಮಾಧಿ ಅಚ್ಚು. ತಗೊಂಡು ಹೋಗೋಕೆ ಬಂದಿದ್ದೀನಿ.”

“ತಮಾಷೆ ಮಾಡ್ಬೇಡಿ ಯಜಮಾನ್ರೇ. ನಾನು ದುಡ್ಡು ಕೊಟ್ಟು ತಂದಿರೋದು.”

“ಕೊಟ್ಟಿರ್‍ತೀಯ. ಅವಳು ಮಾರಾಟಕ್ಕೆ ಇರ್ಲಿಲ್ಲ.”

ಕುರ್ಚಿ ಎಳೆದುಕೊಂಡು ಬಾಟಲಿಗಳ ಮುಂದೆ ಹಾಕಿ ಹತ್ತಿದೆ. ನನ್ನ ಮೊಣಕಾಲು ನಿನಗೆ ಗೊತ್ತಿರುವುದೇ. ಹತ್ತಿರದಿಂದ ನೋಡಿದ ಮೇಲೆ ಇನ್ನಷ್ಟು ಕೆಂಡವಾದೆ. ಕರಾರುವಾಕ್ಕಾಗಿ ಉಜ್ಜಿ ನಯ ಮಾಡಿದ ಮರದ ಮೇಲೆ ಬೆರಳು ದಪ್ಪ ವಾರ್ನಿಷ್ ಬಳಿದಿದ್ದಾರೆ. ನಾಲ್ಕು ಮೂಲೆಗೂ ಹಿತ್ತಾಳೆಯ ದಪ್ಪ ತಿರುಪು, ಮೊದಲು ತೂತು ಕೊರೆಯದೆ ನೇರವಾಗಿ ಮರಕ್ಕೇ ಹಾಕಿ ಬಿಗಿದಿದ್ದಾರೆ. ಒಂದು ಕಡೆ ಮರ ಸೀಳಿದೆ. ಹೆಂಡತಿ ಸತ್ತವನ ದುಃಖ ಅವರಿಗೆ ಬೇಡ, ಮರಕ್ಕಾದರೂ ಮರ್ಯಾದೆ ಕೊಡಬೇಡವೆ?

“ಪೊಲೀಸರನ್ನ ಕರೀತೀನಿ” ಅಂದ ಕೆಳಗಿನಿಂದ.

“ಕರಿ. ಅವ್ರು ಬರೋದ್ರೊಳಗೆ ನಾಲ್ಕೂ ಬಿಚ್ಚಿರ್‍ತೀನಿ” ಅಂದೆ.

ಊಟ ಮಾಡುತ್ತಿದ್ದವರೆಲ್ಲ ಚಮಚ ಕೆಳಗಿಟ್ಟಿದ್ದರು. ಮೂರನೆಯ ತಿರುಪು ಬಿಚ್ಚುವಾಗ ಹಲಗೆ ಜಾರತೊಡಗಿತು. ಪಕ್ಕದ ಮೇಜಿನಿಂದ ಒಬ್ಬ ದಪ್ಪನೆಯ ಗಂಡಸು, ಕತ್ತಿನಲ್ಲಿ ಕೈವಸ್ತ್ರ ಸಿಕ್ಕಿಸಿಕೊಂಡೇ ಎದ್ದು ಬಂದು, “ಆ ಕಡೆ ನಾನು ಹಿಡ್ಕೋತೀನಿ, ನೀವು ನಿಧಾನಕ್ಕೆ ಬಿಚ್ಚಿ” ಅಂದ. ಯಾರು ಏನು ಎಂದು ಕೇಳಲಿಲ್ಲ. ಕೆಳಗಿಳಿಸಿ ಕೊಟ್ಟು, ಹೋಗಿ ತನ್ನ ಊಟಕ್ಕೆ ಕೂತ. ನಾನು ತಿಂಡಿಗಳ ಪಟ್ಟಿಯ ಬೆನ್ನಿಗೆ ನನ್ನ ಹೆಸರು, ವಿಳಾಸ ಬರೆದು ಮಾಲೀಕನ ಕೈಗೆ ಕೊಟ್ಟೆ. ಕದ್ದು ಹೋದ ಎನ್ನಬಾರದಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳನ್ನು ಕೂರಿಸಿ, ನಾನು ಈಚೆ ಕೂತೆ. ಹ್ಯಾಲಿಫ್ಯಾಕ್ಸ್ ದಾಟುವವರೆಗೆ ಸಿಟ್ಟಿನಲ್ಲೇ ಇದ್ದೆ. ಆಮೇಲೆ ಅತ್ತುಬಿಟ್ಟೆ. ನವೆಂಬರಿನಿಂದ ಅತ್ತಿರಲಿಲ್ಲ.

ನೀನು ಸೂಪ್ ಕುಡಿದು ಎದ್ದು ಬಂದೆಯಲ್ಲ, ಅದನ್ನು ಮಾತ್ರ ಎಷ್ಟು ಯೋಚಿಸಿದರೂ ನುಂಗಲಾಗುತ್ತಿಲ್ಲ.

ಕ್ಲೆಮ್


ದಿ ಗ್ರೇಂಜ್
ಆಗಸ್ಟ್ ೩೦, ೧೯೮೨

ಪ್ರಿಯ ಕ್ಲೆಮ್,

ಲೀಡ್ಸಿನ ಹೋಟೆಲಿನವನು ವಕೀಲರಿಂದ ಕಾಗದ ಕಳಿಸಿದ್ದ, ನಿನ್ನ ಹೆಸರಿಗಲ್ಲ, ಮಾರಿದವನು ನಾನೆಂದು ನನಗೆ. ನಾನೇ ಹೋಗಿ ಅವನನ್ನು ಕಂಡೆ. ಈ ಸಲ ಜನ ತುಂಬಿರುವಾಗಲೇ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಕೇಸು ಇರುವುದಿಲ್ಲ. ಹೋಟೆಲಿನ ಹೆಸರನ್ನೂ ಬದಲಾಯಿಸುತ್ತಾನಂತೆ. ಹಲಗೆಯಿದ್ದ ಜಾಗದಲ್ಲಿ ಕನ್ನಡಿ ಹಾಕಿದ್ದಾನೆ.

ಗುಡ್ಡದಾಚೆಯ ಸಣ್ಣ ಎರಕದ ಮನೆಯವರು ಈ ಅಕ್ಟೋಬರಿನಲ್ಲಿ ಹೆಟ್ಟಿಯ ಫಲಕಕ್ಕೆ ಎರಕ ಹೊಯ್ಯಲು ಒಪ್ಪಿದ್ದಾರೆಂದು ಕೇಳಿದೆ. ಖರ್ಚು ಕೊಡಲು ಹೋದರೆ, ಆಗಲೇ ನಿಮ್ಮ ಹಳೆಯ ಕೆಲಸಗಾರರು ಸೇರಿ ಕೊಟ್ಟಾಯಿತು ಎಂದರು.

ಒಂದು ಮಾತು ಕೇಳಿಕೊಳ್ಳುತ್ತೇನೆ. ಅಚ್ಚಿನ ಕೆಳಭಾಗದಲ್ಲಿ ಸ್ಕಾರ್‌ವುಡ್ ಎಂದಿದೆಯಲ್ಲ, ಅದನ್ನು ಉಳಿಯಿಂದ ತೆಗೆದುಬಿಡು. ಹೆಟ್ಟಿಯ ಹೆಸರಿನ ಕೆಳಗೆ ನಮ್ಮ ಮನೆತನದ ಹೆಸರು ಇರುವ ಯೋಗ್ಯತೆ ಉಳಿದಿಲ್ಲ. ನಿನಗೂ ಅದನ್ನು ನೋಡುವ ಹಿಂಸೆ ಬೇಡ. ಇಷ್ಟು ನಡೆಸಿಕೊಟ್ಟರೆ ನನ್ನ ಮನಸ್ಸಿಗೆ ಸ್ವಲ್ಪ ಸಮಾಧಾನ.

ಫಲಕ ನಿಲ್ಲಿಸುವ ದಿನ ನಾನು ಬರಬಹುದೆ?

ರೋಲಂಡ್


ಟೆಂಟರ್ ಬೀದಿ
ಅಕ್ಟೋಬರ್ ೧೭, ೧೯೮೨

ರೋಲಂಡ್,

ಶುಕ್ರವಾರ ಎರಕ ಆಯಿತು. ನಮ್ಮವರು ಹನ್ನೊಂದು ಜನ ಬಂದಿದ್ದರು. ಕೆಲವರು ಕೆಲಸ ಸಿಗದೆ ಸೊರಗಿದ್ದಾರೆ. ಆದರೂ ಎಲ್ಲರೂ ಷೂ ತಿಕ್ಕಿಕೊಂಡು ಬಂದಿದ್ದರು. ಆ ಮನೆಯವರು ದೊಡ್ಡ ಮನಸ್ಸು ಮಾಡಿ ಅಚ್ಚಿನ ಸುತ್ತ ಮರಳು ಬಡಿದು ಎರಕಕ್ಕೆ ಗುಳಿ ಮಾಡುವ ಕೆಲಸವನ್ನು ಎಜ್ರಾನಿಗೇ ಬಿಟ್ಟರು.

ಅಚ್ಚಿನ ವಾರ್ನಿಷನ್ನೆಲ್ಲ ನಾನು ಕೆರೆದು ತೆಗೆದಿದ್ದೆ. ಸೀಳು ಕೂಡಿಸಿದ್ದೆ. ಇಸವಿಯ ಅಂಕಿಗಳನ್ನು ಬೆಳಿಗ್ಗೆ ಹೊಡೆದೆ. ಎಜ್ರಾ ಅಚ್ಚಿನ ಮೇಲೆ ಕೈಯಾಡಿಸಿದವನು ನಿಂತ. ಮೂಲೆಗಳಲ್ಲಿ ಆ ಹಿತ್ತಾಳೆಯ ತಿರುಪುಗಳ ನಾಲ್ಕು ತೂತು ಹಾಗೇ ಇದ್ದವು.

“ಮೇಣ ಎಲ್ಲೋ? ತುಂಬೋದು ಮರ್‍ತ್ಯಾ?” ಅಂದ.

“ಮರೀಲಿಲ್ಲ. ಹಾಗೇ ಇರ್ಲಿ.”

“ಹಾಗೇ ಬಿಟ್ರೆ ಕಬ್ಬಿಣದಲ್ಲೂ ಬರುತ್ತಲ್ಲೋ. ಹುಳುಕು ಎದ್ದು ಕಾಣುತ್ತೆ.”

“ಕಾಣ್ಬೇಕು” ಅಂದೆ.

ಎಜ್ರಾ ಸಣ್ಣ ಮರಳನ್ನು ಜರಡಿ ಹಿಡಿದು, ತೂತುಗಳಿಗೆ ಬೆರಳಿನಿಂದ ಒತ್ತಿ ಒತ್ತಿ ತುಂಬಿದ. ನಲವತ್ತಾರು ವರ್ಷದಲ್ಲಿ ತೂತಿರುವ ಅಚ್ಚನ್ನು ನಾನು ಎರಕಕ್ಕೆ ಕೊಟ್ಟದ್ದು ಇದೊಂದೇ ಸಲ. ನಾಲ್ಕೂ ಸ್ಪಷ್ಟವಾಗಿ ಬಂದಿವೆ. ಚಾಪೆಲಿಗೆ ಬರುವವರು ಯಾಕೆ ಹೀಗೆ ಎಂದು ಕೇಳುತ್ತಾರೆ. ಕೇಳಿದವರಿಗೆಲ್ಲ ಹೇಳುವಷ್ಟು ಪುರುಸೊತ್ತು ಈಗ ನನಗಿದೆ.

ಇನ್ನು ನಿನ್ನ ಹೆಸರು. ನೀನು ಬರೆದಂತೆಯೇ ಉಳಿ ಕೈಗೆತ್ತಿಕೊಂಡಿದ್ದೆ. ಮೊದಲ ಅಕ್ಷರಕ್ಕೆ ಮೊನೆ ಇಟ್ಟೂ ಇದ್ದೆ. ಆಮೇಲೆ ಕೆಳಗಿಟ್ಟೆ. ನೆಲ ಮಾರಿದೆ, ಕುಲುಮೆ ಮಾರಿದೆ, ನಮ್ಮ ಬೆಂಚುಗಳನ್ನು ಮಾರಿದೆ, ಕೊನೆಗೆ ಅವಳನ್ನೂ ಮಾರಿದೆ. ಈಗ ಹೆಸರನ್ನು ಮಾತ್ರ ನನ್ನ ಕೈಯಿಂದಲೇ ಅಳಿಸಿಕೊಂಡು, ಸಮಾಧಾನವಾಗಿ ಮಲಗಬೇಕು ಎನ್ನುತ್ತೀಯ. ಅದು ಆಗುವುದಿಲ್ಲ. ಎರಕ ಚೆನ್ನಾಗಿ ಬಂದಾಗ ಹೆಸರು ಹಾಕಿಸಿಕೊಂಡವರು, ಕೆಟ್ಟಾಗಲೂ ಹಾಕಿಸಿಕೊಳ್ಳಬೇಕು. ಸ್ಕಾರ್‌ವುಡ್ ಎಂದು ಫಲಕದ ಮೇಲಿದೆ, ಅಕ್ಷರಗಳು ಚೊಕ್ಕವಾಗಿ ಎದ್ದಿವೆ. ಇನ್ನೂರು ವರ್ಷಕ್ಕೆ ತೊಂದರೆಯಿಲ್ಲ.

ಮುಂದಿನ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ನಿಲ್ಲಿಸುತ್ತೇವೆ. ಬರಬಹುದೆ ಎಂದು ಕೇಳಿದ್ದೀಯ. ಬಾ. ಹೆಟ್ಟಿಗೆ ನಿನ್ನ ಮೇಲೆ ಕೋಪ ಬರುತ್ತಿರಲಿಲ್ಲ. ಪಾಪ, ಹೋಗಲಿ ಬಿಡಿ ಎಂದು ನಿನಗೊಂದು ಲೋಟ ಟೀ ಕೊಡುತ್ತಿದ್ದಳು, ಅವಳ ಸ್ವಭಾವವೇ ಅದು. ಆದ್ದರಿಂದ ಅವಳ ಪಾಲಿನ ಕೋಪವನ್ನೂ ನಾನೇ ಇಟ್ಟುಕೊಂಡಿದ್ದೇನೆ.

ಕ್ಲೆಮೆಂಟ್ ಸಗ್ಡ‌ನ್
ಮರದಚ್ಚಿನ ಕೆಲಸದವನು